ಊಟ ಆಯ್ತಾ?

ನಮ್ಮೂರಿನಲ್ಲಿ ಎದುರಿಗೆ ಸಿಕ್ಕವರನ್ನೆಲ್ಲ "ಊಟ ಆಯ್ತಾ?" ಎಂದು ಕೇಳುತ್ತಾರೆ. ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ, ಹೇಳುವವರು ನಿಜ ಹೇಳುವುದಿಲ್ಲ. ಹಸಿದು ಕಣ್ಣಿಗೆ ಕತ್ತಲೆ ಬರುತ್ತಿರುವವನೂ "ಆಯ್ತು, ನಿಮ್ದು?" ಎಂದು ಮುಂದೆ ಹೋಗುತ್ತಾನೆ. ಆದರೆ ಅದೇ ಮಾತನ್ನು ಊರಿನವರು ಊಟದ ದಫೇದಾರರು ಎಂದೇ ಕರೆಯುವ ಪೊಲೀಸಿನವರು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅವರು ಕೇಳಿದರು ಎಂದರೆ ಕೋರ್ಟಿನಿಂದ ವಾರಂಟು ಬಂದಿದೆ, ಹೊರಡಬೇಕು ಎಂದೇ ಅರ್ಥ.

ಠಾಣೆಯಲ್ಲಿ ವಾರಂಟು ಹಿಡಿದು ಹೋಗಿ ಜನರನ್ನು ಕರೆತರುವ ಕೆಲಸ ಅವರದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಗಾರೆ ಕೆಲಸದವನನ್ನು ತಟ್ಟೆಯ ಮುಂದಿನಿಂದ ಎಬ್ಬಿಸಿಕೊಂಡು ಹೋಗಿದ್ದರಂತೆ. ಅವನಿಗೆ ರಾತ್ರಿಯಿಡೀ ಯಾರೂ ಅನ್ನ ಕೊಡಲಿಲ್ಲ, ಮರುದಿನ ಕಟಕಟೆಯಲ್ಲೇ ತಲೆ ಸುತ್ತಿ ಬಿದ್ದನಂತೆ. ಅಲ್ಲಿಂದೀಚೆಗೆ ದಫೇದಾರರು ಯಾರನ್ನೇ ಹಿಡಿಯಲಿ, ಮೊದಲು ಊಟ ಆಯ್ತಾ ಎಂದು ಕೇಳುತ್ತಾರೆ. ಇಲ್ಲ ಎಂದರೆ "ಮಾಡ್ಕೊಂಡು ಬಾ, ನಾನಿಲ್ಲೇ ಇರ್ತೀನಿ" ಎಂದು ಜಗುಲಿಯ ಮೇಲೆ ಕೂರುತ್ತಾರೆ. ಸೈಕಲ್ ಅಂಗಡಿಯವನು ಇದನ್ನೇ ಉಪಾಯ ಮಾಡಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೂ ಉಣ್ಣುತ್ತಲೇ ಇದ್ದನಂತೆ. ಕೊನೆಗೆ ಅವನನ್ನು ಮೊದಲು ಆಸ್ಪತ್ರೆಗೆ, ಆಮೇಲೆ ಕೋರ್ಟಿಗೆ ಕರೆದುಕೊಂಡು ಹೋಗಬೇಕಾಯಿತು. ಊರು ತಪ್ಪು ತಿಳಿಯಬಾರದೆಂದು ದಫೇದಾರರು ಬೇರೆ ಯಾರನ್ನೂ ಆ ಮಾತು ಕೇಳುವುದಿಲ್ಲ. ಮನೆಯಲ್ಲಿ ಹೆಂಡತಿಯನ್ನೂ ಕೇಳುವುದಿಲ್ಲವಂತೆ. ಪಾಪ, ಆಕೆ ಎಷ್ಟೋ ಸಲ ಅದನ್ನೇ ಹೇಳಿಕೊಂಡು ನನ್ನ ಅಂಗಡಿಯಲ್ಲಿ ಮುಖ ಊದಿಸಿದ್ದಾರೆ.

ನಾನು ಟೈಲರು. ಊರಿಗೆಲ್ಲ ಟೈಲರಕ್ಕ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ಎರಡು ವರ್ಷದ ಹಿಂದೆ ಹಾಲಿನ ವ್ಯಾನು ದಾರಿಹೋಕನೊಬ್ಬನನ್ನು ಬೀಳಿಸಿ ಬಂದು ಅಂಗಡಿಗೆ ಗುದ್ದಿದ ಮೇಲೆ ನನ್ನ ಬೋರ್ಡು ಸೊಟ್ಟಗೇ ಇದೆ. ಅದನ್ನು ನೆಟ್ಟಗೆ ಮಾಡಿಕೊಡು ಎಂದು ತಮ್ಮನಿಗೆ ಹೇಳಿ ಹೇಳಿ ನನ್ನ ಬಾಯಿ ನೋಯಿತೇ ಹೊರತು ಬೋರ್ಡು ನೆಟ್ಟಗಾಗಲಿಲ್ಲ. ಅವನು ಟ್ರ್ಯಾಕ್ಟರ್ ಮೆಕ್ಯಾನಿಕ್. ಊರಿನವರ ಎಂಜಿನ್ನೆಲ್ಲ ರಿಪೇರಿ ಮಾಡುತ್ತಾನೆ, ಮನೆಯ ಒಂದು ಮೊಳೆ ಹೊಡೆಯಲು ಕೈ ಬರುವುದಿಲ್ಲ. ಕೈ ಬರುವುದು ಜಗಳಕ್ಕೆ ಮಾತ್ರ. ಮೂಗಿನ ತುದಿಯಲ್ಲೇ ಕೋಪ.

ನಾನು ಮದುವೆಯಾಗಲಿಲ್ಲ, ಅವನಿಗೆ ಹೆಣ್ಣು ಸಿಗಲಿಲ್ಲ. ಕೆಲವು ತಿಂಗಳ ಹಿಂದೆ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಮನುಷ್ಯ ಅಂಗಡಿಗೆ ಬಂದು, ತಮ್ಮನ ಹೆಸರು ಹೇಳಿ, "ಅವರ ಹೆಂಡತಿ ಇದಾರಾ?" ಎಂದು ಕೇಳಿದ್ದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. "ಅವನಿಗೆ ಹೆಂಡತಿ ಅಂತ ಒಬ್ಬಳಿದ್ರೆ ನಾನ್ಯಾಕಪ್ಪ ಅವನ ಬನಿಯನ್ ಒಗೀತಿದ್ದೆ? ನಿಂಗೆಲ್ಲಾದ್ರೂ ಸಿಕ್ಕಿದ್ರೆ ನನಗೂ ತಿಳಿಸು" ಎಂದು ಕಳಿಸಿದ್ದೆ. ಅವನು ಆಮೇಲೂ ಎರಡು ಸಲ ಬಂದ. ಎರಡು ಸಲವೂ ಇದೇ ತಮಾಷೆ ನಡೆಯಿತು.

ಹಿಂದಿನ ವರ್ಷ ನಮ್ಮ ತಂಗಿ ತೀರಿಕೊಂಡಳು. ಅವಳ ಗಂಡ ಅದಕ್ಕೂ ಮೊದಲೇ ಹೋಗಿದ್ದ. ಉಳಿದದ್ದು ಅವಳ ಮಗಳು ಗುಬ್ಬಿ. ಹೆದರಿದರೆ ಫ್ರಾಕಿನ ಕಾಲರು ಕಚ್ಚುತ್ತಾಳೆ. ನಮ್ಮ ಮನೆಗೆ ಬಂದ ಹೊಸದರಲ್ಲಿ ಅವಳ ಎಲ್ಲ ಫ್ರಾಕಿಗೂ ಹೊಸ ಕಾಲರು ಹಚ್ಚಬೇಕಾಯಿತು. ಈಚೆಗೆ ಹಚ್ಚುವುದೇ ಬೇಕಿರಲಿಲ್ಲ. ನನಗೆ ಅದಕ್ಕಿಂತ ದೊಡ್ಡ ಸಂತೋಷ ಇನ್ನೊಂದಿರಲಿಲ್ಲ.

ಅಷ್ಟರಲ್ಲಿ ಅವಳ ಅಪ್ಪನ ಅಣ್ಣ, ಅಂದರೆ ಅವಳ ದೊಡ್ಡಪ್ಪ, ಮಗು ತನಗೆ ಬೇಕೆಂದು ಕೋರ್ಟಿಗೆ ಹೋದ. ತಂಗಿಯ ಹೆಣ ನೋಡಲೂ ಬಾರದವನು. ನಾನೂ ಅರ್ಜಿ ಹಾಕಿದೆ. ಮಕ್ಕಳ ಇಲಾಖೆಯ ಮೇಡಂ ಮನೆ ನೋಡಲು ಬಂದು, ಹಾಸಿಗೆ ಒತ್ತಿ ನೋಡಿ, ನಲ್ಲಿ ತಿರುಗಿಸಿ ನೋಡಿ, ಕೊನೆಗೆ ಹೇಳಿದ್ದರು: "ಎಲ್ಲಾ ಚೆನ್ನಾಗಿದೆ. ಆದ್ರೆ ಮನೇಲಿರೋ ಯಾರ ಮೇಲೂ ಕೇಸು, ವಾರಂಟು ಇರಬಾರದು. ಇದ್ರೆ ನಾನೇನೂ ಮಾಡೋಕಾಗಲ್ಲ, ಮಗು ಆ ಕಡೆ ಹೋಗುತ್ತೆ." ಅಂಥದ್ದೇನೂ ಇಲ್ಲ ಮೇಡಂ ಎಂದು ನಾನು ಎದೆ ತಟ್ಟಿಕೊಂಡು ಹೇಳಿದ್ದೆ.

ವಿಚಾರಣೆಯ ಹಿಂದಿನ ಸಂಜೆ ದಫೇದಾರರು ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದರು. ನಾನು ಕಟಿಂಗ್ ಮೇಜಿನ ಹಿಂದಿದ್ದೆ. ತಮ್ಮ ಮಿಷನ್ನಿನ ಕೆಳಗೆ ಕೂತು ಬೆಲ್ಟು ಬಿಗಿ ಮಾಡುತ್ತಿದ್ದ. ಗುಬ್ಬಿ ಒಳಗೆ ಜೋರಾಗಿ ಪಾಠ ಓದುತ್ತಿದ್ದಳು. ದಫೇದಾರರ ಒಂದು ಪ್ಯಾಂಟು ಸೊಂಟ ಬಿಚ್ಚಿ ದೊಡ್ಡದು ಮಾಡಲು ನನ್ನ ಹತ್ತಿರವಿತ್ತು. ಊರಿನವರ ಊಟ ವಿಚಾರಿಸಿ ವಿಚಾರಿಸಿ ಅವರ ಹೊಟ್ಟೆಯೇ ಬೆಳೆದಿತ್ತು.

"ಪ್ಯಾಂಟು ನಾಡಿದ್ದು ಕೊಡ್ತೀನಿ ದಫೇದಾರ್ರೇ, ನಾಳೆ ನಮ್ಮ ಕೋರ್ಟು" ಎಂದೆ.

ಅವರು ಪ್ಯಾಂಟಿನ ಮಾತೆತ್ತಲಿಲ್ಲ. ಹೊಸ್ತಿಲ ಹೊರಗೇ ನಿಂತು, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಆಗತಾನೆ ಹತ್ತಿದ ಬೀದಿದೀಪದ ಕಡೆ ಒಮ್ಮೆ ನೋಡಿದರು. ಆಮೇಲೆ ನೆಲ ನೋಡುತ್ತ ಮೆಲ್ಲಗೆ ಕೇಳಿದರು.

"ಊಟ ಆಯ್ತಾ?"

ತಮ್ಮನ ಕೈಯಿಂದ ಸ್ಪ್ಯಾನರು ಜಾರಿ ಬಿತ್ತು. ಒಳಗೆ ಗುಬ್ಬಿ ಓದುತ್ತಲೇ ಇದ್ದಳು.

"ಇ... ಇನ್ನೂ ಇಲ್ಲ" ಎಂದೆ ನಾನೇ.

"ಮಾಡಿ. ನಿಧಾನಕ್ಕೆ ಮಾಡಿ. ನಾಳೆ ಬರ್ತೀನಿ" ಎಂದು ಸೈಕಲ್ ಹತ್ತಿ ಹೋದರು.

ಬಾಗಿಲು ಎಳೆದುಕೊಂಡು ತಮ್ಮನ ಕಡೆ ತಿರುಗಿದೆ. "ಏನೋ ಮಾಡಿದ್ದೀಯ? ಬೊಗಳು."

"ಏನೂ ಇಲ್ಲಕ್ಕ."

"ಏನೂ ಇಲ್ದೇ ಆ ಮನುಷ್ಯ ಊಟ ಕೇಳ್ತಾನಾ? ನೆನಪು ಮಾಡ್ಕೋ."

ಪಾಪದವನು ಮಿಷನ್ನಿನ ಕೆಳಗೇ ಕೂತು ನೆನಪು ಮಾಡಿಕೊಳ್ಳತೊಡಗಿದ. ಡೈರಿಯ ಕಾವಲುಗಾರನ ಕಪಾಳಕ್ಕೆ ಕೊಟ್ಟಿದ್ದ, ಆದರೆ ಅವನೂ ತಿರುಗಿಸಿ ಕೊಟ್ಟಿದ್ದರಿಂದ ಅದು ಅಲ್ಲಿಗೇ ಚುಕ್ತಾ. ಹೆಡ್‌ಲೈಟ್ ಇಲ್ಲದೆ ಟ್ರ್ಯಾಕ್ಟರ್ ಓಡಿಸಿದ್ದ. ಸಿನಿಮಾ ಟಾಕೀಸಿನ ಕುರ್ಚಿಯ ಕೈ ಮುರಿದಿದ್ದ. ನನ್ನ ದೊಡ್ಡ ಕತ್ತರಿಯಲ್ಲಿ ತಗಡು ಕತ್ತರಿಸಿ ಮೊಂಡು ಮಾಡಿದ್ದೂ ಅವನೇ ಅಂತೆ. ಆ ಕತ್ತರಿಯ ವಿಷಯಕ್ಕೆ ನಾನು ಪಕ್ಕದ ಮನೆಯವಳ ಜೊತೆ ವರ್ಷದಿಂದ ಮಾತು ಬಿಟ್ಟಿದ್ದೆ.

"ಇದಕ್ಕೆಲ್ಲ ವಾರಂಟ್ ಬರಲ್ಲ. ದೊಡ್ಡದೇನಾದ್ರೂ ಹೇಳು" ಎಂದೆ.

"ದೊಡ್ಡದು ಮಾಡಿದ್ರೆ ತಾನೇ ಹೇಳೋದು?" ಎಂದು ಎದ್ದು ನಿಂತ. "ಒಂದು ಕೆಲಸ ಮಾಡ್ತೀನಿ. ಬೆಳಿಗ್ಗೆ ಸೀದಾ ಠಾಣೆಗೆ ಹೋಗಿ, ನನ್ನ ಮೇಲೆ ವಾರಂಟ್ ಇದೆಯಾ ಅಂತ ಕೇಳಿಬಿಡ್ತೀನಿ."

"ತಲೆ ಕೆಟ್ಟಿದ್ಯಾ? ಕೇಳೋಕೆ ಹೋದವನನ್ನ ಹಾಗೇ ಒಳಗೆ ಕೂರಿಸ್ತಾರೆ. ಮಧ್ಯಾಹ್ನ ನಮ್ಮ ಕೇಸು. ಸೋದರಮಾವ ಕಂಬಿ ಎಣಿಸ್ತಿದ್ದಾನೆ ಅಂತ ಗೊತ್ತಾದ್ರೆ ಗುಬ್ಬೀನ ಯಾರು ಕೊಡ್ತಾರೆ ನಮಗೆ?"

ಅದೇ ಸಂಕಟ. ಕೇಳಿದರೆ ಸಿಕ್ಕಿಬೀಳಬೇಕು, ಕೇಳದಿದ್ದರೆ ಗೊತ್ತಾಗುವುದಿಲ್ಲ. ನಮ್ಮ ವಕೀಲರು ಪಟ್ಟಣದವರು, ವಿಚಾರಣೆಯ ಹೊತ್ತಿಗೇ ಬರುವವರು. ಇದ್ದದ್ದು ಒಂದೇ ದಾರಿ: ಕೋರ್ಟಿನ ಕ್ಲರ್ಕಮ್ಮ. ಆಕೆಯ ಮಗಳ ಶಾಲೆಯ ಸ್ಕರ್ಟು ನನ್ನ ಹತ್ತಿರ ಹೊಲಿಗೆಗೆ ಬಂದಿತ್ತು. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟು ನನಗೆ ಅಭ್ಯಾಸವೇ ಇಲ್ಲ. ಆದರೂ ಅವತ್ತು ಉಂಡೆನೋ ಬಿಟ್ಟೆನೋ, ಕೂತು ಸ್ಕರ್ಟಿನ ನೆರಿಗೆ ಮುಗಿಸಿದೆ.

ಬೆಳಿಗ್ಗೆ ಕೋರ್ಟಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಕೋರ್ಟು ಎಂದರೆ ಒಂದು ದೊಡ್ಡ ಹಾಲ್, ಒಂದು ವರಾಂಡ, ಕಿಟಕಿಯಿರುವ ಒಂದು ಆಫೀಸು ಕೋಣೆ. ಕಳ್ಳತನ, ಜಮೀನು, ಮಕ್ಕಳು, ಎಲ್ಲಕ್ಕೂ ಒಬ್ಬರೇ ನ್ಯಾಯಾಧೀಶರು, ಒಬ್ಬರೇ ಕ್ಲರ್ಕಮ್ಮ. ಆಕೆ ಸ್ಕರ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಮುಂದಿನ ವಾರ ಅಂದಿದ್ರಿ?"

"ಬೇಗ ಆಯ್ತು."

"ಟೈಲರಕ್ಕ, ನೀವು ಬೇಗ ಕೊಟ್ರೆ ಒಳಗೇನೋ ಇದೆ ಅಂತಲೇ ಅರ್ಥ. ಏನು ಹೇಳಿ."

ಕಿಟಕಿಗೆ ಮುಖ ಒತ್ತಿ ಪಿಸುಗುಟ್ಟಿದೆ. "ಒಂದು ಹೆಸರು. ವಾರಂಟ್ ಇದೆಯಾ ಇಲ್ವಾ, ಅಷ್ಟೇ."

"ಅದನ್ನೆಲ್ಲ ಠಾಣೇಲಿ ಕೇಳ್ಬೇಕು. ನಾನು ಹೇಳೋಹಾಗಿಲ್ಲ."

"ಮಗು ವಿಷಯ ಕ್ಲರ್ಕಮ್ಮ. ಇವತ್ತು ಮಧ್ಯಾಹ್ನ."

ಆಕೆ ಆಚೀಚೆ ನೋಡಿದರು. ನಾನು ತಮ್ಮನ ಹೆಸರು ಹೇಳಿದೆ, ಶಾಲೆಯಲ್ಲಿ ಬರೆಸಿದ ಪೂರ್ತಿ ಹೆಸರು. ಹಣೆಯ ಮೇಲಿದ್ದ ಕನ್ನಡಕ ಮೂಗಿಗಿಳಿಸಿ, ಹಿಂದಿನ ಕಪಾಟಿನಿಂದ ಒಂದು ಕಟ್ಟು ತೆಗೆದು ಮಗುಚತೊಡಗಿದರು. ಅವರ ಬೆರಳು ಒಂದು ಕಡೆ ನಿಂತಿತು.

"ಇದೆ" ಎಂದರು.

"ಏನು ಕೇಸು?"

"ಯಾವುದೋ ಅಪಘಾತದ್ದು, ಹಳೇದು." ಅಷ್ಟರಲ್ಲಿ ನ್ಯಾಯಾಧೀಶರ ಕಾರು ಗೇಟಿನೊಳಗೆ ಬಂತು. ಆಕೆ ಕಟ್ಟು ಮುಚ್ಚಿದರು. "ಇನ್ನೇನೂ ಕೇಳ್ಬೇಡಿ. ನೀವು ಬಂದೇ ಇಲ್ಲ, ನಾನು ಹೇಳೇ ಇಲ್ಲ."

ದಾರಿಯುದ್ದಕ್ಕೂ ನನ್ನ ಮೈ ಉರಿಯುತ್ತಿತ್ತು. ಅಪಘಾತ. ಟ್ರ್ಯಾಕ್ಟರ್ ರಿಪೇರಿ ಆಯಿತೆಂದು ಅದನ್ನು ಹತ್ತಿ ಊರು ಸುತ್ತುವುದು ಅವನ ಚಟ. ಯಾರನ್ನೋ ಗುದ್ದಿದ್ದಾನೆ, ಓಡಿ ಬಂದಿದ್ದಾನೆ, ನನಗೆ ಕಪಾಳದ ಕಥೆ, ಕುರ್ಚಿಯ ಕಥೆ ಹೇಳಿ ಚಳ್ಳೆಹಣ್ಣು ತಿನ್ನಿಸಿದ್ದಾನೆ. ಚಿಕ್ಕಂದಿನಿಂದ ಇವನ ಜಗಳ ಬಿಡಿಸಿ, ಇವನ ಪರವಾಗಿ ಎಲ್ಲರ ಕಾಲು ಹಿಡಿದು ಸಾಕಾಗಿತ್ತು ನನಗೆ. ಈ ಸಲ ಇವನಿಗಾಗಿ ಗುಬ್ಬಿಯನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಮನೆಗೆ ಬಂದಾಗ ಅವನು ಬೇಗ ಊಟಕ್ಕೆ ಕೂತಿದ್ದ. ಕೋರ್ಟಿಗೆಂದು ಬಿಳಿ ಶರ್ಟು ತಾನೇ ಇಸ್ತ್ರಿ ಮಾಡಿ ಹಾಕಿಕೊಂಡಿದ್ದ, ಕಲೆಯಾಗಬಾರದೆಂದು ಎದೆಯ ಮೇಲೆ ಟವೆಲ್ ಹೊದ್ದಿದ್ದ. ಗುಬ್ಬಿಯ ತಲೆ ಬಾಚಿ ಎರಡು ಜಡೆ ಹಾಕಿದ್ದ, ಒಂದು ಮೇಲೆ, ಒಂದು ಕೆಳಗೆ.

"ಬಂದ್ಯಾ ಅಕ್ಕ? ನಾವಿಬ್ರೂ ರೆಡಿ" ಎಂದ.

"ಏಳು."

"ಯಾಕೆ?"

"ಯಾರನ್ನ ಗುದ್ದಿ ಬಂದೆ?"

ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. "ಯಾರನ್ನೂ ಇಲ್ಲ."

"ನಿನ್ನ ಹೆಸರು ವಾರಂಟಲ್ಲಿದೆ. ಅಪಘಾತದ ಕೇಸು. ಕಣ್ಣಾರೆ ನೋಡಿದವರು ಹೇಳಿದ್ರು. ಇನ್ನೂ ಸುಳ್ಳು ಹೇಳ್ತೀಯಾ? ಬಟ್ಟೆ ತಗೋ. ಸೋದರತ್ತೆ ಊರಿನ ಬಸ್ಸು ಹತ್ತು. ಈ ಮನೇಲಿ ನೀನಿಲ್ಲ, ಇರಲೂ ಇಲ್ಲ."

"ಅಕ್ಕ, ಊಟ..."

"ಊಟ ಆಯ್ತಾ ಅಂತ ಕೇಳ್ಕೊಂಡು ಅವನು ಬಂದು ಬಾಗಿಲಲ್ಲಿ ನಿಂತ್ಕೋತಾನೆ! ಏಳು ಅಂದ್ನಲ್ಲ!"

ಅವನು ಎದ್ದ. ತುತ್ತನ್ನು ತಟ್ಟೆಯಲ್ಲೇ ಇಟ್ಟು, ಕೈ ತೊಳೆದು, ಬ್ಯಾಗಿಗೆ ಒಂದೆರಡು ಬಟ್ಟೆ ತುರುಕಿದ. ಜಗಳವಾಡಲಿಲ್ಲ. ಅವನು ಜಗಳವಾಡದಿದ್ದದ್ದು ತಪ್ಪು ಒಪ್ಪಿಕೊಂಡಂತೆಯೇ ಎಂದು ನನಗನ್ನಿಸಿತು. ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ.

"ನಿಜ ಹೇಳಕ್ಕ. ನಾನು ಗುದ್ದಿ ಓಡಿಬರೋ ಅಂಥವನಾ?"

ನಾನು ಗುಬ್ಬಿಯ ಜಡೆ ಸರಿ ಮಾಡುತ್ತ ಕೂತೆ. ತಲೆಯೆತ್ತಿ ನೋಡಿದಾಗ ಅವನು ಹೋಗಿದ್ದ.

"ಮಾಮ ಎಲ್ಲಿಗೆ ಹೋದ?" ಗುಬ್ಬಿ ಕೇಳಿದಳು.

"ಕೆಲಸ ಇದೆ. ನೋಡು, ಜಡ್ಜ್ ಸಾಹೇಬ್ರು ನಿನ್ನ ಕೇಳಿದ್ರೆ, ಮನೇಲಿ ನಾನೂ ದೊಡ್ಡಮ್ಮನೂ ಇಬ್ರೇ ಇರೋದು ಅಂತ ಹೇಳ್ಬೇಕು. ಗೊತ್ತಾಯ್ತಾ?"

ಅವಳು ಕಾಲರು ಮೇಲೆತ್ತಿ ಬಾಯಿಗೆ ಹಾಕಿಕೊಂಡಳು.

ಕೋರ್ಟಿನ ವರಾಂಡದಲ್ಲಿ ಗುಬ್ಬಿಯ ದೊಡ್ಡಪ್ಪ ಬೂಟು ಮಿರುಗಿಸಿಕೊಂಡು, ತನ್ನ ವಕೀಲರ ಪಕ್ಕ ಕೂತಿದ್ದ. ನಮ್ಮ ವಕೀಲರು ಇನ್ನೂ ಬಂದಿರಲಿಲ್ಲ. ಮಕ್ಕಳ ಇಲಾಖೆಯ ಮೇಡಂ ದೂರದಿಂದಲೇ ನಕ್ಕು, "ತಮ್ಮ ಬರಲಿಲ್ವಾ?" ಎಂದರು. "ಅವನು ನಮ್ಮ ಜೊತೆ ಇಲ್ಲ ಮೇಡಂ ಈಗ" ಎಂದೆ. ಆಕೆಯ ನಗು ಅರ್ಧಕ್ಕೇ ನಿಂತಿತು. ಆಗ ಗೇಟಿನ ಕಡೆಯಿಂದ ದಫೇದಾರರು ಬಂದರು. ಅವರ ಹಿಂದೆ, ನಾನು ಯಾವತ್ತೂ ನೋಡಿರದ ಒಬ್ಬ ಮಹಿಳಾ ಪೇದೆ.

ದಫೇದಾರರು ಸೀದಾ ನನ್ನ ಮುಂದೆ ಬಂದು ನಿಂತು ಟೋಪಿ ತೆಗೆದರು.

"ನಿಮ್ಮನೆಗೆ ಹೋಗಿದ್ವಿ. ಬೀಗ ಹಾಕಿತ್ತು. ಊಟ ಆಯ್ತಾ?"

ದೊಡ್ಡಪ್ಪನ ಕಿವಿ ನೆಟ್ಟಗಾದದ್ದು ನನಗೆ ಕಂಡಿತು. ನಾನು ಅಂದೆ, "ಅವನು ಊರಲ್ಲಿಲ್ಲ ದಫೇದಾರ್ರೇ. ಎಲ್ಲಿಗೆ ಹೋದ ಅಂತ ನನಗೆ ಗೊತ್ತಿಲ್ಲ."

"ಯಾರು?"

"ನನ್ನ ತಮ್ಮ."

"ಅವನ ಊಟ ನಾನ್ಯಾಕೆ ಕೇಳಲಿ? ನಿಮ್ಮನ್ನ ಕೇಳ್ತಿದೀನಿ ಟೈಲರಕ್ಕ. ನಿನ್ನೇನೂ ನಿಮ್ಮನ್ನೇ ಕೇಳಿದ್ದು."

ಗೋಡೆ ಹಿಡಿದುಕೊಂಡೆ.

"ಹೊತ್ತು ಮುಳುಗಿದ ಮೇಲೆ ಹೆಂಗಸರನ್ನ ಕರ್ಕೊಂಡು ಹೋಗೋ ಹಾಗಿಲ್ಲ" ಎಂದರು ಅವರು, ತಪ್ಪು ತಮ್ಮದೇ ಎಂಬಂತೆ. "ಮಹಿಳಾ ಪೇದೆ ಬೇಕು, ಇವರು ಬೆಳಿಗ್ಗೆ ಬಸ್ಸಿಗೆ ಬರ್ಬೇಕಿತ್ತು. ಒಳಗೆ ಮಗು ಓದ್ತಿತ್ತು, ಬಾಗಿಲಲ್ಲಿ ನಿಂತು ವಾರಂಟು ಅಂತ ಕೂಗ್ಲಾ? ಊಟ ಕೇಳಿದ್ರೆ ಊರಿಗೆಲ್ಲ ಅರ್ಥ ಆಗುತ್ತೆ, ನಿಮಗೂ ಆಗುತ್ತೆ, ನೀವೇ ಬಂದು ವಿಚಾರಿಸ್ತೀರಿ ಅಂದ್ಕೊಂಡೆ."

ಆಗ ಹೊಳೆಯಿತು. ಚಡ್ಡಿ ಹಾಕಿಕೊಂಡು ತಿರುಗುತ್ತಿದ್ದ ಕಾಲದಿಂದ ನೋಡಿದ ನನ್ನ ತಮ್ಮನಿಗೆ ದಫೇದಾರರು ಯಾವತ್ತೂ ಬಹುವಚನ ಕೊಟ್ಟವರಲ್ಲ. ಅವನಿಗಾಗಿದ್ದರೆ "ಮಾಡ್ಕೊಂಡು ಬಾರೋ" ಎನ್ನುತ್ತಿದ್ದರು. "ಮಾಡಿ" ಎಂದಿದ್ದರು. ನನಗೆ ಹೇಳಿದ್ದರು. ಅದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ತಪ್ಪು ಎಂದ ಕೂಡಲೇ ಅದು ಅವನದೇ ಎಂದು ನನ್ನ ಮನಸ್ಸು ಮೊದಲೇ ತೀರ್ಮಾನ ಮಾಡಿ ಕೂತಿತ್ತು.

"ನಾನೇನು ಮಾಡಿದೀನಿ?"

"ಮಾಡಿಲ್ಲ, ನೋಡಿದೀರಿ. ಹಾಲಿನ ವ್ಯಾನಿನ ಕೇಸಲ್ಲಿ ನೀವು ಸಾಕ್ಷಿ. ಮೂರು ಸಲ ಸಮನ್ಸ್ ಕಳಿಸಿದ್ರೂ ಬರಲಿಲ್ಲ ಅಂತ ವಾರಂಟು."

ಸಮನ್ಸು ಎಲ್ಲಿ ಬಂತು ಎಂದು ಕೇಳುವಷ್ಟರಲ್ಲಿ ಒಳಗೆ ಕರೆದರು. ನಾನು ಕಟಕಟೆಯ ಹತ್ತಿರ ನಿಂತೆ, ಒಂದು ಕಡೆ ಮಹಿಳಾ ಪೇದೆ, ಇನ್ನೊಂದು ಕಡೆ ನನ್ನ ಬೆರಳು ಹಿಡಿದ ಗುಬ್ಬಿ. ಮಗುವನ್ನು ಹೊರಗೆ ಕೂರಿಸಿ ಎಂದರೂ ಅವಳು ಬಿಡಲಿಲ್ಲ. ನ್ಯಾಯಾಧೀಶರು ವಾರಂಟು ಓದಿದರು. ನನ್ನ ಪೂರ್ತಿ ಹೆಸರು, ಅದರ ಕೆಳಗೆ ಗಂಡನ ಹೆಸರು. ಗಂಡನ ಹೆಸರಿನ ಜಾಗದಲ್ಲಿ ನನ್ನ ತಮ್ಮನ ಹೆಸರು.

ಎಲ್ಲ ನೆನಪಾಯಿತು. ಅಪಘಾತದ ದಿನ ಠಾಣೆಯಿಂದ ಹೇಳಿಕೆ ಬರೆದುಕೊಳ್ಳಲು ಬಂದಿದ್ದ ಹುಡುಗ, ತಲೆಯೆತ್ತದೆ, "ಮನೇಲಿ ಗಂಡಸರು?" ಎಂದು ಕೇಳಿದ್ದ. ನಾನು ತಮ್ಮನ ಹೆಸರು ಹೇಳಿದ್ದೆ. ಅವನಿಗೆ ಗಂಡಸು ಎಂದರೂ ಒಂದೇ, ಗಂಡ ಎಂದರೂ ಒಂದೇ. ಚೀಲದಲ್ಲಿ ಸಮನ್ಸು ಇಟ್ಟುಕೊಂಡು ಆ ಮನುಷ್ಯ ಮೂರು ಸಲ ಹುಡುಕಿಕೊಂಡು ಬಂದ ಹೆಂಡತಿ ನಾನೇ. ಮೂರು ಸಲವೂ ಅಂಥವಳಿಲ್ಲ ಎಂದು ನಗುತ್ತ ಕಳಿಸಿದವಳೂ ನಾನೇ. ಮೂಲೆಯಲ್ಲಿ ಕೂತ ಕ್ಲರ್ಕಮ್ಮ ಹಣೆ ಹಿಡಿದುಕೊಂಡಿದ್ದರು. ನಾನು ಕೇಳಿದ ಹೆಸರು ಕಂಡಿತು, ಇದೆ ಎಂದಿದ್ದರು, ಅಷ್ಟೇ.

ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಒಂದಿಬ್ಬರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. "ವಾರಂಟು ಸದ್ಯ ರದ್ದು ಮಾಡಬೇಕಾದ್ರೆ ಇದೇ ಊರಿನವರೊಬ್ಬರು ಜಾಮೀನು ನಿಲ್ಲಬೇಕು. ಸಾಕ್ಷಿಯ ದಿನ ನಿಮ್ಮನ್ನ ಕರ್ಕೊಂಡು ಬರೋ ಜವಾಬ್ದಾರಿ ಅವರದು. ಯಾರಿದ್ದಾರೆ ನಿಮಗೆ?"

ಯಾರಿದ್ದಾರೆ ನನಗೆ? ಇದ್ದ ಒಬ್ಬನನ್ನು ತಟ್ಟೆಯ ಮುಂದಿನಿಂದ ಎಬ್ಬಿಸಿ ಬಸ್ಸು ಹತ್ತಿಸಿದ್ದೆ.

"ನಾನಿದೀನಿ ಸ್ವಾಮಿ" ಎಂಬ ದನಿ ಹಿಂದಿನಿಂದ ಬಂತು.

ಬಾಗಿಲ ಹತ್ತಿರದ ಬೆಂಚಿನಿಂದ ತಮ್ಮ ಎದ್ದು ನಿಂತಿದ್ದ. ಬಿಳಿ ಶರ್ಟು ಬೆವರಿಗೆ ಬೆನ್ನಿಗಂಟಿತ್ತು. ಕೈಯಲ್ಲಿ ಅದೇ ಬ್ಯಾಗು.

"ನೀವು ಇವರಿಗೆ ಏನಾಗಬೇಕು?"

"ತಮ್ಮ. ಆ ಕಾಗದದಲ್ಲಿ ಗಂಡ ಅಂತ ಇದೆ, ಅದನ್ನ ದಯವಿಟ್ಟು ಹೊಡೆದುಹಾಕಿ."

ಈ ಸಲ ನ್ಯಾಯಾಧೀಶರ ತುಟಿಯೂ ಅಲುಗಿತು. ತಮ್ಮ ಬಂದು ನನ್ನ ಪಕ್ಕ ನಿಂತು ರುಜು ಹಾಕಿದ. ನನ್ನ ಕಡೆ ನೋಡಲಿಲ್ಲ. ಗುಬ್ಬಿ ನನ್ನ ಬೆರಳು ಬಿಟ್ಟು ಅವನ ಬ್ಯಾಗಿನ ಪಟ್ಟಿ ಹಿಡಿದುಕೊಂಡಳು.

ಅಲ್ಲೇ, ಅದೇ ಉಸಿರಿನಲ್ಲಿ ಮಗುವಿನ ಕೇಸು ಕೂಗಿದರು. ನಮ್ಮ ವಕೀಲರು ಏದುಸಿರು ಬಿಡುತ್ತ ಬಂದರು. ದೊಡ್ಡಪ್ಪನ ವಕೀಲರು ಮೊದಲೇ ಎದ್ದು, ವಾರಂಟಿನ ಮೇಲೆ ಹಿಡಿದು ತಂದ ಹೆಂಗಸಿನ ಕೈಗೆ ಮಗುವನ್ನು ಹೇಗೆ ಕೊಡುವುದು ಎಂದು ಶುರು ಮಾಡಿದರು. ಸಾಕ್ಷಿ ಹೇಳಲು ಕೋರ್ಟಿಗೆ ಬರದಿದ್ದ ಮಾತ್ರಕ್ಕೆ ಅಪರಾಧಿಯಾಗುವುದಿಲ್ಲ ಎಂದು ನಮ್ಮವರೆಂದರು. ನ್ಯಾಯಾಧೀಶರು ಇಬ್ಬರನ್ನೂ ಕೂರಿಸಿ ಗುಬ್ಬಿಯನ್ನು ಹತ್ತಿರ ಕರೆದರು.

"ಮನೇಲಿ ಯಾರ್ಯಾರು ಇರ್ತೀರಿ ಪುಟ್ಟ?"

ಗುಬ್ಬಿ ಕಾಲರು ಬಾಯಿಂದ ತೆಗೆದಳು. "ದೊಡ್ಡಮ್ಮ, ನಾವಿಬ್ರೇ ಇರೋದು ಅಂತ ಹೇಳು ಅಂದಿದಾರೆ."

ಮಕ್ಕಳ ಇಲಾಖೆಯ ಮೇಡಂ ನನ್ನನ್ನೇ ನೋಡುತ್ತಿದ್ದರು. ಮುಗಿಯಿತು, ಮಗು ಹೋಯಿತು ಎಂದುಕೊಂಡೆ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ಹೌದು, ನಾನೇ ಹೇಳಿಕೊಟ್ಟೆ" ಎಂದೆ. "ನಾವು ಮೂರು ಜನ. ವಾರಂಟು ಇವನ ಮೇಲಿದೆ ಅಂದ್ಕೊಂಡೆ. ಮಗು ಎಲ್ಲಿ ಕೈತಪ್ಪುತ್ತೋ ಅಂತ ಭಯ ಆಯ್ತು. ಇಲ್ಲ ಅಂತ ಹೇಳಿದ್ರೂ ನಂಬದೆ, ಉಣ್ತಾ ಇದ್ದವನನ್ನ ಎಬ್ಬಿಸಿ ಓಡಿಸಿದೆ."

ನ್ಯಾಯಾಧೀಶರು ತಮ್ಮನ ಕಡೆ ತಿರುಗಿದರು. "ಓಡಿಸಿದ್ರೆ ನೀವು ಇಲ್ಲಿ ಹೇಗೆ?"

"ಸೀದಾ ಠಾಣೆಗೆ ಹೋದೆ ಸ್ವಾಮಿ. ನನ್ನ ಮೇಲೆ ವಾರಂಟ್ ಇದ್ರೆ ಈಗಲೇ ಹಿಡ್ಕೊಳ್ಳಿ, ಮಗು ಕೇಸಿಗೆ ಮುಂಚೆ ಮುಗಿಸಿಬಿಡಿ ಅಂದೆ. ಅಲ್ಲಿ ಕೂತಿದ್ದವರು ನೋಡಿ, ನಿನ್ನ ಮೇಲೆ ಏನೂ ಇಲ್ಲ, ಇರೋದು ನಿಮ್ಮಕ್ಕನ ಮೇಲೆ ಅಂದ್ರು. ಜಾಮೀನಿಗೆ ಜನ ಬೇಕಾಗುತ್ತೆ ಅಂತಾನೂ ಅಂದ್ರು. ಅದಕ್ಕೆ ಇಲ್ಲಿಗೆ ಬಂದೆ."

ಇಷ್ಟೇ ಇತ್ತು ಕೆಲಸ. ಹೋಗಿ ಕೇಳುವುದು. ನಾನು ಬೇಡ ಎಂದು ತಡೆದ ಕೆಲಸ.

ನ್ಯಾಯಾಧೀಶರು ಮೇಡಂ ಜೊತೆ ಮೆಲ್ಲಗೆ ಮಾತಾಡಿ, ತುಂಬ ಹೊತ್ತು ಬರೆದರು. ಆಮೇಲೆ ಓದಿದರು. ಮಗು ಸದ್ಯ ದೊಡ್ಡಮ್ಮನ ಮನೆಯಲ್ಲೇ ಇರತಕ್ಕದ್ದು. ಮುಂದಿನ ವಿಚಾರಣೆಯವರೆಗೆ ಸೋದರಮಾವನೂ ಅದೇ ಮನೆಯಲ್ಲಿ ವಾಸವಿರತಕ್ಕದ್ದು. ಅವನು ಇಲ್ಲವಾದಲ್ಲಿ ಈ ಆದೇಶ ಊರ್ಜಿತವಲ್ಲ.

ವರಾಂಡಕ್ಕೆ ಬಂದೆವು. ದೊಡ್ಡಪ್ಪ ಬೂಟು ಸದ್ದು ಮಾಡುತ್ತ ಇಳಿದು ಹೋದ. ತಮ್ಮ ಕಂಬಕ್ಕೆ ಒರಗಿ ನಿಂತು ರಸ್ತೆಯ ಕಡೆ ನೋಡುತ್ತಿದ್ದ. ಅತ್ತೆ ಊರಿನ ಮಧ್ಯಾಹ್ನದ ಬಸ್ಸು ಅಲ್ಲೇ ನಿಲ್ಲುತ್ತದೆ.

"ಮನೆಗೆ ಹೋಗೋಣ ಬಾ" ಎಂದೆ.

"ನೀನು ಊರೆಲ್ಲಾ ವಿಚಾರಿಸಿದೆ ಅಕ್ಕ" ಎಂದ. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ನನ್ನ ಮೇಲೆ ಇದೆಯಾ ಇಲ್ವಾ ಅಂತ. ನನ್ನನ್ನೂ ಕೇಳಿದೆ. ನಾನು ಇಲ್ಲ ಅಂದೆ. ಅದೊಂದನ್ನ ಮಾತ್ರ ನೀನು ನಂಬಲಿಲ್ಲ."

ಕ್ಷಮಿಸು ಎನ್ನಬೇಕಿತ್ತು. ನನ್ನ ಬಾಯಲ್ಲಿ ಆ ಪದ ಬಂದು ಅಭ್ಯಾಸವಿಲ್ಲ, ಅದೂ ಇವನಿಗೆ. ಬಸ್ಸಿನ ಹಾರ್ನು ಕೇಳಿತು. ಗುಬ್ಬಿ ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನನ್ನ ಕಣ್ಣ ಮುಂದೆ ಅವನು ತಟ್ಟೆಯಲ್ಲೇ ಬಿಟ್ಟು ಎದ್ದ ಆ ತುತ್ತು ಬಂತು.

"ಊಟ ಆಯ್ತಾ?" ಎಂದೆ.

ಮೆಟ್ಟಿಲ ಮೇಲೆ ಬೀಡಿ ಹಚ್ಚುತ್ತಿದ್ದ ದಫೇದಾರರು ಕೂಡ ತಿರುಗಿ ನೋಡಿದರು.

ಬಸ್ಸು ಬಂತು, ನಿಂತಿತು.

"ಇಲ್ಲ" ಎಂದ ತಮ್ಮ.

"ಮನೇಲಿ ತಟ್ಟೆ ಹಾಗೇ ಇದೆ. ಮಾಡ್ಕೊಂಡು ಬೇಕಾದ್ರೆ ಹೋಗು. ನಾನಿಲ್ಲೇ ಇರ್ತೀನಿ."

ಅವನು ಬ್ಯಾಗನ್ನು ಗುಬ್ಬಿಯ ಕೈಗೆ ಕೊಟ್ಟು ಮನೆಯ ಕಡೆ ನಡೆದ. ಅವಳು ಅದನ್ನು ನೆಲದ ಮೇಲೆ ಎಳೆಯುತ್ತ ಅವನ ಹಿಂದೆ ಓಡಿದಳು. ನಾನು ಆಡಿದ ಮಾತಿನಂತೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಬಸ್ಸು ಹೋದ ಮೇಲೆ ನಾನೂ ಮನೆಗೆ ಹೋದೆ.